ನಾಲ್ಕು ಸುತ್ತಿಗೆ ತುಸು ಕಡಿಮೆ

ಹುಮನಾಬಾದ್ ರಸ್ತೆಯ ಮಕ್ಸೂದನ ಗ್ಯಾರೇಜಿಗೆ ಆ ಕಾರು ಬಂದ ದಿನ ಪಂಕ್ಚರ್ ಅಂಗಡಿಯವನು, ಚಹಾದವನು, ಎದುರಿನ ಸಿಮೆಂಟ್ ಅಂಗಡಿಯವನು ಎಲ್ಲರೂ ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು ಸುತ್ತ ನಿಂತಿದ್ದರು. ಎರಡೇ ಬಾಗಿಲು, ಉದ್ದ ಮೂತಿ, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ಮೂವತ್ತೈದು ವರ್ಷದ ಹಿಂದಿನ ಜಪಾನಿನ ಸ್ಪೋರ್ಟ್ಸ್ ಕಾರು. ಒಡತಿ ಸುಜಾತಾ ಮೇಡಂ, ಕಲಬುರಗಿಯಲ್ಲೇ ಬ್ಯಾಂಕ್ ಮ್ಯಾನೇಜರು. ನಲವತ್ತಾರನೆಯ ವಯಸ್ಸಿನಲ್ಲಿ ಹೆಂಗಸರು ಬಂಗಾರ ಮಾಡಿಸಿಕೊಂಡರೆ ಯಾರೂ ಯಾಕೆ ಅನ್ನುವುದಿಲ್ಲ. ಈಕೆ ಪುಣೆಗೆ ಹೋಗಿ ಕಾರು ತಂದದ್ದಕ್ಕೆ ಮಾತ್ರ ಇಡೀ ಬಡಾವಣೆಗೆ ಹೊಟ್ಟೆನೋವು ಬಂದಿತ್ತು.

ತೊಂದರೆ ಇದ್ದದ್ದು ಕಮಲಾಪುರದಲ್ಲಿ. ಅಲ್ಲಿ ಮೇಡಂ ಅವರದು ಕೆಂಪು ಬಾಳೆಯ ತೋಟ. ಡಾಂಬರು ಬಿಟ್ಟು ತೋಟಕ್ಕೆ ಇಳಿಯುವ ಅರ್ಧ ಮೈಲಿ ದಾರಿ ಅಪ್ಪಟ ಎರೆಮಣ್ಣು. ಒಂದು ಮಳೆ ಬಿದ್ದರೆ ಸಾಕು, ಹಿಂದಿನ ಚಕ್ರದಿಂದ ಓಡುವ ಈ ಕಾರು ನಿಂತಲ್ಲೇ ಚಕ್ರ ತಿರುಗಿಸುತ್ತ ಹೂತುಹೋಗುತ್ತಿತ್ತು. ಜೀಪು ಕೊಳ್ಳಿ ಎಂದವರಿಗೆಲ್ಲ ಮೇಡಂ ಒಂದೇ ಉತ್ತರ ಕೊಟ್ಟಿದ್ದರು. ಮಕ್ಸೂದನಿಗೂ ಅದನ್ನೇ ಹೇಳಿದರು.

"ಜೀಪು ಬ್ಯಾಡ್ರೀ ಉಸ್ತಾದ್. ಇದಕ್ಕ ನಾಕೂ ಗಾಲಿ ಎಳೆಯೂ ಹಂಗ ಮಾಡಿಕೊಡ್ರಿ."

ಬುದ್ಧಿ ಇದ್ದವನು ಆಗುವುದಿಲ್ಲ ಎನ್ನುತ್ತಿದ್ದ. ಮಕ್ಸೂದನ ನಾಲಿಗೆಗೆ ಆ ಮಾತು ರೂಢಿಯೇ ಇಲ್ಲ. ಸುತ್ತಲಿನ ನಾಲ್ಕು ಜಿಲ್ಲೆಯಲ್ಲಿ ಯಾರೂ ಮಾಡದ ಕೆಲಸ ಎಂದು ಗೊತ್ತಾದದ್ದೇ ತಡ, ಎದೆ ಒಂದು ಗೇಣು ಉಬ್ಬಿತು. ಗುಜರಿಯಿಂದ ಹಳೆಯ ಜಿಪ್ಸಿ ಜೀಪೊಂದರ ಮುಂದಿನ ಆಕ್ಸಲ್ಲು, ಬಲವನ್ನು ಹಿಂದಕ್ಕೂ ಮುಂದಕ್ಕೂ ಹಂಚುವ ಅದರ ಚಿಕ್ಕ ಗೇರ್‌ಬಾಕ್ಸು ತಂದ. ಕಾರನ್ನು ಎತ್ತರಿಸಿದ. ಆರ್‌ಟಿಓ ಆಫೀಸಿನ ಕಾಗದಪತ್ರ ಮೇಡಂ ನೋಡಿಕೊಳ್ಳುವ ಮಾತಾಯಿತು. ಇನ್ನು ಉಳಿದದ್ದು ಗೇರ್‌ಬಾಕ್ಸಿನಿಂದ ಮುಂದಿನ ಆಕ್ಸಲ್ಲಿಗೆ ಬಲ ಒಯ್ಯುವ ಶಾಫ್ಟು. ಅಂಥ ಶಾಫ್ಟು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅದಕ್ಕೆ ಮಾಪಣ್ಣ ಇದ್ದ.

ಮಾಪಣ್ಣನ ಲೇತ್ ಅಂಗಡಿ ಗ್ಯಾರೇಜಿನ ಪಕ್ಕದಲ್ಲೇ, ನಡುವೆ ಒಂದೇ ಗೋಡೆ. ಅರವತ್ತೊಂದು ವಯಸ್ಸು, ಮಾತು ಕಡಿಮೆ, ಕೈ ಮಾತ್ರ ಕೂದಲೆಳೆ ತಪ್ಪದು. ನೆಹರು ಗಂಜ್ ಮಾರುಕಟ್ಟೆಯ ಬೇಳೆ ಮಿಲ್ಲಿನವರು ಸವೆದ ಶಾಫ್ಟುಗಳನ್ನು ಬೇರೆಯವರ ಕೈಗೆ ಕೊಡುತ್ತಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಇಬ್ಬರದೂ ದಿನಕ್ಕೆ ಎರಡು ಸಲ ಕೂಡಿ ಚಹಾ.

ಗಾಡಿಯ ವಿಷಯ ತಿಳಿಯದವರಿಗೂ ಒಂದು ಮಾತು ತಿಳಿದಿರಲಿ. ನಾಲ್ಕೂ ಚಕ್ರ ಎಳೆಯಬೇಕಾದರೆ ಹಿಂದಿನ ಆಕ್ಸಲ್ಲಿನ ಲೆಕ್ಕ, ಮುಂದಿನ ಆಕ್ಸಲ್ಲಿನ ಲೆಕ್ಕ ಒಂದೇ ಇರಬೇಕು. ಶಾಫ್ಟು ಎಷ್ಟು ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು ಬರುತ್ತದೆ ಎಂಬ ಲೆಕ್ಕ. ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ ಕೈಯಿಂದ ತಿರುಗಿಸಿ ಎಣಿಸಿದರೆ ಹತ್ತು ನಿಮಿಷದ ಕೆಲಸ. ಎರಡೂ ಹೊಂದದಿದ್ದರೆ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಲ್ಲಿ ಒಂದು ಬೇಗ, ಇನ್ನೊಂದು ನಿಧಾನ ನಡೆದ ಹಾಗೆ. ಕೆಸರಿನಲ್ಲಿ ಚಕ್ರ ಜಾರಿ ಹೇಗೋ ಸರಿದೂಗಿಸಿಕೊಳ್ಳುತ್ತದೆ. ಡಾಂಬರಿನ ಮೇಲೆ ಜಾರಲು ಜಾಗವಿಲ್ಲ, ಆ ತಿಕ್ಕಾಟವೆಲ್ಲ ಶಾಫ್ಟನ್ನು ಹಿಂಡುತ್ತದೆ.

ಮಕ್ಸೂದ ಹಿಂದಿನದನ್ನು ಎಣಿಸಿದ್ದ: ನಾಲ್ಕು ಸುತ್ತು, ಮೇಲೆ ತುಸು. ಮುಂದಿನದನ್ನು ಎಣಿಸುವ ಹೊತ್ತಿಗೆ ಶುಕ್ರವಾರದ ನಮಾಜಿನ ವೇಳೆಯಾಗಿತ್ತು. "ಇದೂ ನಾಕರ ಮ್ಯಾಲ ತುಸು ಉಸ್ತಾದ್, ಪಕ್ಕಾ" ಎಂದಿದ್ದ ಗುಜರಿಯವನು. ಆತುರಗಾರನಿಗೆ ಬುದ್ಧಿ ಮಟ್ಟ. ಮಕ್ಸೂದ ಸೀಮೆಸುಣ್ಣ ಜೇಬಿಗೆ ಹಾಕಿಕೊಂಡು ಹೋದವನು ಕಾರು ಹೊರಬೀಳುವ ತನಕ ತಿರುಗಿ ತೆಗೆಯಲೇ ಇಲ್ಲ.

ಶಾಫ್ಟಿಗೆ ಕೈ ಹಚ್ಚುವ ಮೊದಲು ಮಾಪಣ್ಣ ಕೇಳಿದ್ದ.

"ಹಿಂದಿಂದು, ಮುಂದಿಂದು, ಎರಡೂ ಸುತ್ತು ಎಣಿಸೀಯಿಲ್ಲೋ?"

"ಎರಡೆರಡು ಸಲ ಎಣಿಸೀನಿ."

"ಹಂಗಾರ ಆಯ್ತು" ಎಂದು ಮಾಪಣ್ಣ ಲೇತ್ ಚಾಲೂ ಮಾಡಿದ. ಮಕ್ಸೂದ ಎಣಿಸಿದ್ದನ್ನು ತಾನು ಮತ್ತೆ ಎಣಿಸುವುದು ಅವನ ಪ್ರಕಾರ ಗೆಳೆಯನಿಗೆ ಮಾಡುವ ಅವಮಾನ.

ಆಷಾಢದ ಮಳೆಗೆ ಕಾರು ಹೊರಬಿತ್ತು. ಎರೆಮಣ್ಣಿನಲ್ಲಿ ಎಮ್ಮೆಯ ಹಾಗೆ ನಡೆದು ತೋಟ ಮುಟ್ಟಿತು. ಮೇಡಂ ಖುಷಿಗೆ ಕೆಂಪು ಬಾಳೆಯ ಗೊನೆಯನ್ನೇ ಗ್ಯಾರೇಜಿಗೆ ಕಳಿಸಿದರು. ಆ ಗೊನೆಯ ಕೊನೆಯ ಹಣ್ಣು ಮುಗಿಯುವ ಮೊದಲೇ ಫೋನ್ ಬಂತು.

"ಉಸ್ತಾದ್ರೀ, ನೀವು ಹೇಳಿದಂಗ ತೊಯ್ದ ಡಾಂಬರ್ ರಸ್ತಾ ಅಂತ ನಾಕೂ ಗಾಲಿ ಎಳೆಯೂ ಗೇರಿಗಿ ಹಾಕಿದ್ದೆ. ಕಾಲ ಬುಡದಾಗ ಢಂ ಅಂತು. ತಳ ಒಡದು ಕಬ್ಬಿಣ ಒಳಗ ಬಂದದ!"

ಗೆಳೆಯರಿಬ್ಬರೂ ಮಕ್ಸೂದನ ಓಮ್ನಿ ವ್ಯಾನಿನಲ್ಲಿ ಕಮಲಾಪುರಕ್ಕೆ ಓಡಿದರು. ಜನ ಸೇರಿ ಕಾರನ್ನು ತೋಟದ ಶೆಡ್ಡಿಗೆ ತಳ್ಳಿದ್ದರು. ಮೇಡಂ ಅವರ ಕಾಲಿದ್ದ ಜಾಗಕ್ಕೂ ನುಗ್ಗಿದ ಶಾಫ್ಟಿಗೂ ನಡುವೆ ಒಂದು ಗೇಣೂ ಅಂತರ ಇರಲಿಲ್ಲ. ಮಾಪಣ್ಣ ತುಂಡಾದ ಶಾಫ್ಟು ಹಿಡಿದು ಬೆಳಕಿಗೆ ಹೋದ. ಮಕ್ಸೂದ ಮುಂದಿನ ಟೈರು ಮುಟ್ಟಿ ನೋಡಿದ. ಹೊಸ ಟೈರು, ಉಜ್ಜಿ ಹಾಕಿದಂತೆ ಸವೆದಿತ್ತು. ಜಾಕ್ ಹಚ್ಚಿ, ಗುರುತು ಹಾಕಿ, ಶಾಫ್ಟು ಕೂಡುವ ತುದಿಯನ್ನು ಕೈಯಿಂದ ತಿರುಗಿಸಿದ. ಒಂದು, ಎರಡು, ಮೂರು. ನಾಲ್ಕನೆಯದು ಮುಗಿಯುವ ಮೊದಲೇ ಟೈರಿನ ಗುರುತು ಮರಳಿ ಮೊದಲಿನ ಜಾಗಕ್ಕೆ ಬಂದುಬಿಟ್ಟಿತು. ನಾಲ್ಕು ಸುತ್ತಿಗೆ ತುಸು ಕಡಿಮೆ.

ನಿಜ ಹೇಳಬೇಕೆಂದೇ ಮಕ್ಸೂದ ಕಾರಿನ ಕೆಳಗಿನಿಂದ ಹೊರಬಂದನಂತೆ. ಇರಲಿ, ನಂಬೋಣ. ಅಷ್ಟರಲ್ಲಿ ಹೊರಗೆ ಮಾಪಣ್ಣ ಮೇಡಂ ಮುಂದೆ ಕೈಮುಗಿದು ನಿಂತಿದ್ದ.

"ತಪ್ಪು ನಂದ್ರೀ ಮೇಡಂ. ನನ್ನ ವೆಲ್ಡಿಂಗ್ ಬಿಟ್ಟದ. ಕಣ್ಣು ಮದಲಿನಂಗ ಇಲ್ರೀ ನನಗ, ಕೈನೂ ನಡಗ್ತದ. ಈ ವಯಸ್ಸಿನಾಗ ನಾ ಇಂಥಾ ಕೆಲಸ ಹಿಡೀಬಾರದಿತ್ತು."

ಮೇಡಂ ಬೈಯಲಿಲ್ಲ. ಮಕ್ಸೂದನ ಕಡೆ ನೋಡಿದರು. ಮಕ್ಸೂದ ನೆಲ ನೋಡಿದ. ಒಂದು ಮಾತಿನ ಕೆಲಸವಿತ್ತು, ಆಡಲಿಲ್ಲ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತು ಎನ್ನುತ್ತಾರೆ; ಇಲ್ಲಿ ಮೇಕೆಯೇ ಬಂದು ಬಾಯಿ ಒಡ್ಡಿತ್ತು, ಕೋತಿಗೆ ಒರೆಸುವ ಶ್ರಮವೂ ಉಳಿಯಿತು.

ಅಲ್ಲಿಂದ ಮೂರು ವಾರ ಮಕ್ಸೂದ ಅನುಭವಿಸಿದ್ದು ಅವನಿಗೇ ಗೊತ್ತು. ಗೋಡೆಯಾಚೆಯ ಲೇತ್ ಸದ್ದು ನಿಂತಿತ್ತು. ಗಂಜಿನಿಂದ ಬಂದ ಶಾಫ್ಟುಗಳನ್ನು ಮಾಪಣ್ಣ ಬಾಗಿಲಿನಿಂದಲೇ ವಾಪಸ್ ಕಳಿಸುತ್ತಿದ್ದ. ಮೇಡಂ ಅವರಿಗೆ ಬದಲಿ ಶಾಫ್ಟು ಮಾಡಿಕೊಡುವುದೊಂದೇ ಬಾಕಿ, ಆಮೇಲೆ ಅಂಗಡಿ ಬಂದ್ ಎಂದು ಹೇಳಿಕೊಂಡು ತಿರುಗಿದ. ಯಾರಾದರೂ ಚಹಾದಂಗಡಿಯಲ್ಲಿ "ಶಾಫ್ಟು" ಎಂದರೆ ಮಕ್ಸೂದ ಬೆಚ್ಚಿ ಅತ್ತಿತ್ತ ನೋಡುತ್ತಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಬಾಳು. ಆದರೂ ದಿನಕ್ಕೆ ಎರಡು ಸಲ ಚಹಾ ತಪ್ಪಲಿಲ್ಲ. ತಪ್ಪಿಸಿದರೆ ಯಾಕೆ ಎಂದು ಕೇಳುತ್ತಾನಲ್ಲ!

ಒಂದು ಮಧ್ಯಾಹ್ನ ಮಾಪಣ್ಣನ ಹೆಂಡತಿ ಸಾಬಮ್ಮ ಗ್ಯಾರೇಜಿಗೆ ಬಂದಳು. ಕೂಡು ಎಂದರೂ ಕೂಡಲಿಲ್ಲ.

"ಮಕ್ಸೂದ್ ಭಾಯಿ, ನೀವರ ಒಂದು ಮಾತು ಹೇಳ್ರಿ ಅವರಿಗಿ. ಲೇತ್ ಮಾರ್ತೀನಿ ಅನ್ನಾಕತ್ತಾರ. ದಿನಾ ಮುಂಜಾನಿ ಎದ್ದು ಕೈ ಮುಂದ ಚಾಚಿ, ನಡಗ್ತಾವೇನು ನೋಡು ಅಂತ ನನ್ನ ಕೇಳ್ತಾರ. ಇಲ್ಲ ಅಂದ್ರ ನಂಬಂಗಿಲ್ಲ. ನಿಮ್ಮ ಮಾತು ನಂಬ್ತಾರ."

"ಹೇಳ್ತೀನಿ ವೈನಿ" ಎಂದ ಮಕ್ಸೂದ. ಅವಳು ಹೋದ ಮೇಲೆ ಕೈಯಲ್ಲಿದ್ದ ಸ್ಪ್ಯಾನರ್ ಬಿಸಾಡಿ, ಥೂ ನನ್ನ ಜನ್ಮಕ್ಕೆ ಎಂದು ತನಗೆ ತಾನೇ ಉಗಿದುಕೊಂಡ. ನಾಚಿಕೆ ಅವನನ್ನು ಅಕ್ಷರಶಃ ಕೂಡಲು ಬಿಡಲಿಲ್ಲ. ಹಾಗಂತ ಗೋಡೆ ದಾಟಿ ಆಚೆಗೂ ಹೋಗಲಿಲ್ಲ.

ಮೂರು ದಿನದ ಮೇಲೆ ಬದಲಿ ಶಾಫ್ಟು ತಯಾರಾಯಿತು. ಮಾಪಣ್ಣ ಈ ಸಲ ದಪ್ಪ ಪೈಪು ಹಾಕಿದ್ದ. ತನ್ನ ಕಣ್ಣಿನ ಮೇಲೆ ಭರವಸೆ ಸಾಲದೆ ಪ್ರತಿ ಅಳತೆಯನ್ನೂ ಮೂರು ಮೂರು ಸಲ ನೋಡಿದ್ದ. ಇಬ್ಬರೂ ಮತ್ತೆ ಕಮಲಾಪುರಕ್ಕೆ ಹೋದರು. ಮೇಡಂ ಬ್ಯಾಂಕಿನಲ್ಲಿದ್ದರು, ಶೆಡ್ಡಿನಲ್ಲಿ ಇವರಿಬ್ಬರೇ.

ಮಾಪಣ್ಣ ಶಾಫ್ಟು ಎತ್ತಿಕೊಂಡು ಕಾರಿನ ಕೆಳಗೆ ಜಾರಿದ. ಇದು ದಪ್ಪ ಶಾಫ್ಟು, ಬೇಗ ಮುರಿಯುವುದಿಲ್ಲ ಎಂಬುದು ಮಕ್ಸೂದನಿಗೆ ಗೊತ್ತಿತ್ತು. ಶಾಫ್ಟು ಗಟ್ಟಿಯಾದರೆ ಗೇರ್‌ಬಾಕ್ಸು ಒಡೆಯುತ್ತದೆ. ಅದು ಮೇಡಂ ಅವರ ಕಾಲಿನ ಪಕ್ಕಕ್ಕೇ ಇದೆ. ಹೋದ ಸಲ ಗೇಣಿನಲ್ಲಿ ತಪ್ಪಿದ್ದು ಈ ಸಲ ತಪ್ಪಬೇಕೆಂದೇನಿಲ್ಲ. ಮತ್ತೆ ಅದಕ್ಕೂ ಮಾಪಣ್ಣನೇ ಕೈಮುಗಿದು ನಿಲ್ಲುತ್ತಾನೆ.

"ಮಾಪಣ್ಣಾ, ಅದನ್ನ ಕೂಡಿಸಬ್ಯಾಡ. ಹೊರಗ ಬಾ."

"ಯಾಕ?"

"ನಿನ್ನ ವೆಲ್ಡಿಂಗ್ ಬಿಟ್ಟಿಲ್ಲ. ಮುಂದಿನ ಸುತ್ತು ನಾ ಎಣಿಸೇ ಇಲ್ಲ. ಗುಜರಿಯಾಂವ ಹೇಳಿದ್ದು ಖರೇ ಅಂದ್ಕೊಂಡು ನಿನಗ ಸುಳ್ಳು ಹೇಳೀನಿ."

ಮಾಪಣ್ಣ ಹೊರಬಂದು ಕೈ ಚಾಚಿದ. ಮಕ್ಸೂದ ಸೀಮೆಸುಣ್ಣ ಕೊಟ್ಟ. ಮಾಪಣ್ಣ ತಾನೇ ಗುರುತು ಹಾಕಿ, ತಾನೇ ತಿರುಗಿಸಿ ಎಣಿಸಿದ. ಮುಂದೆ ಎಣಿಸಿ, ಹಿಂದಕ್ಕೆ ಹೋಗಿ ಎಣಿಸಿ, ಮತ್ತೆ ಮುಂದಕ್ಕೆ ಬಂದ. ಮುಂದಿನದು ನಾಲ್ಕಕ್ಕೆ ಕಡಿಮೆ, ಹಿಂದಿನದು ನಾಲ್ಕಕ್ಕೆ ಹೆಚ್ಚು.

"ಹಂಗಾರ ನನ್ನ ಕೈದೇನೂ ತಪ್ಪಿಲ್ಲ?"

"ಇಲ್ಲ."

"ಕಣ್ಣಿಂದೂ?"

"ಏನೂ ಇಲ್ಲೋ ಮಾರಾಯಾ."

ಮಾಪಣ್ಣ ನಕ್ಕ. ಇಪ್ಪತ್ತೆರಡು ವರ್ಷದಲ್ಲಿ ಮಕ್ಸೂದ ಅವನ ಮುಖದಲ್ಲಿ ಅಂಥ ನಗು ಕಂಡಿರಲಿಲ್ಲ. ಎರಡೂ ಕೈ ಮುಂದೆ ಹಿಡಿದು ತಿರುವಿ ಮುರುವಿ ನೋಡಿಕೊಂಡ. ಆಮೇಲೆ ಫೋನ್ ತೆಗೆದು ಹೆಂಡತಿಗೆ ಹಚ್ಚಿದ.

"ಏ ಸಾಬಮ್ಮ! ನನ್ನ ಕೈ ನೆಟ್ಟಗ ಅದ ನೋಡು! ತಪ್ಪು ಶಾಫ್ಟಿಂದಲ್ಲ, ಸುತ್ತಿಂದು. ಲೇತ್ ಮಾರೂದಿಲ್ಲ ಈಗ. ಮಕ್ಸೂದ ಹುಡುಕಿ ತಗದ, ಮಕ್ಸೂದ!"

ಬೈದಿದ್ದರೆ, ಎರಡು ಏಟು ಕೊಟ್ಟಿದ್ದರೆ ಮಕ್ಸೂದ ತಡೆದುಕೊಳ್ಳುತ್ತಿದ್ದ. ಈ ಹೊಗಳಿಕೆಯನ್ನು ತಡೆಯಲಾಗಲಿಲ್ಲ. ಮಾಪಣ್ಣ ಫೋನ್ ಕಿವಿಯಲ್ಲಿ ಹಿಡಿದುಕೊಂಡೇ, ನಗುತ್ತಲೇ, ಅವನ ಕಡೆ ತಿರುಗಿದ.

"ಯಾವಾಗ ಗೊತ್ತಾಯ್ತೋ ನಿನಗ?"

ಈಗ ಎಂದರೆ ಮುಗಿದಿತ್ತು. ದಾರಿಯಲ್ಲಿ ಬರುವಾಗ ಹೊಳೆಯಿತು ಎಂದರೂ ಮುಗಿದಿತ್ತು. ಸುಳ್ಳು ತುಟಿಯ ತನಕ ಬಂದು ಕಾಯುತ್ತಿತ್ತು.

"ಮುರದ ದಿನ. ನೀ ಮೇಡಂ ಮುಂದ ಕೈಮುಗಿಯೂಕಿಂತ ಮದಲ."

ಮಾಪಣ್ಣನ ನಗು ತಕ್ಷಣ ಹೋಗಲಿಲ್ಲ. ಸ್ವಲ್ಪ ಹೊತ್ತು ಮುಖದ ಮೇಲೆ ಹಾಗೇ ಇತ್ತು. ಫೋನಿನಲ್ಲಿ ಸಾಬಮ್ಮ ಕೇಳುತ್ತಿದ್ದಳು: "ಏನಂದ್ರೀ? ಮಕ್ಸೂದ್ ಭಾಯಿ ಏನಂದ್ರು?"

"ಏನಿಲ್ಲ. ಮನಿಗಿ ಬಂದು ಹೇಳ್ತೀನಿ" ಎಂದು ಮಾಪಣ್ಣ ಫೋನ್ ಇಟ್ಟ. ಅರಿವೆಯಿಂದ ಕೈ ಒರೆಸಿಕೊಂಡ. ತನ್ನ ಪಾನಾ, ಸುತ್ತಿಗೆ ಆರಿಸಿ ಚೀಲಕ್ಕೆ ಹಾಕಿಕೊಂಡ.

"ಮೇಡಂಗ ನಾನೇ ಹೇಳ್ತೀನಿ" ಎಂದ ಮಕ್ಸೂದ.

"ಹೇಳು."

"ತಡಿ, ಕೂಡೇ ಹೋಗೂನು. ಗಾಡಿ ಅದಲ್ಲ."

"ಬ್ಯಾಡ. ಬಸ್ಸಿಗಿ ಹೋಗ್ತೀನಿ."

ಶೆಡ್ಡಿನ ಬಾಗಿಲಲ್ಲಿ ಮಾಪಣ್ಣ ಒಮ್ಮೆ ನಿಂತ, ತಿರುಗಲಿಲ್ಲ.

"ಎಣಿಸಿಲ್ಲ ಅಂದ್ರ ಎಣಿಸಿಲ್ಲ, ಮನಷಾ ಅಂದ ಮ್ಯಾಲ ತಪ್ಪತದ. ಆದ್ರ ದಿನಾ ಎರಡು ಸಲ ನನ್ನ ಎದುರಿಗಿ ಕುಂತು ಚಾ ಕುಡದೆಲ್ಲೋ."

ಅವನು ಕೆಸರಿನ ದಾರಿಯಲ್ಲಿ ಕಾಲು ಕಿತ್ತಿಡುತ್ತ ಡಾಂಬರು ರಸ್ತೆಯ ಕಡೆ ನಡೆದ. ಮಕ್ಸೂದ ಹಿಂದೆ ಹೋಗಲು ಎರಡು ಹೆಜ್ಜೆ ಇಟ್ಟು ನಿಂತ. ಬಸ್ಸು ಬರಲು ಇನ್ನೂ ಅರ್ಧ ಗಂಟೆ ಇತ್ತು. ಬಾಳೆಯ ಸಾಲುಗಳ ನಡುವಿನಿಂದ ಮಾಪಣ್ಣ ರಸ್ತೆಯಂಚಿನಲ್ಲಿ ಕಾಯುತ್ತ ನಿಂತದ್ದು ಬಸ್ಸು ಬರುವ ತನಕವೂ ಕಾಣುತ್ತಲೇ ಇತ್ತು.