ಇಳಿಯೋರು ಮೊದಲು ಇಳೀಲಿ

ಬಸ್ ಕಂಡಕ್ಟರನ ಮನೆಯಲ್ಲಿ ಜಗಳಕ್ಕೂ ಬಸ್ಸಿನ ಮಾತೇ.

"ಒಂದು ಬಸ್ ಇಳೀದೇ ಇನ್ನೊಂದು ಹತ್ತೋಕಾಗುತ್ತೇನೇ ಚೂಟಿ?" ಎಂದ ಅಪ್ಪ, ತಟ್ಟೆಯ ಮುಂದೆ ಕೂತು.

ಚೂಟಿ ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದಳು. ಅವಳ ಅಂಕ ನೋಡಿದ ಕಾಲೇಜಿನವರು, ಪದವಿ ಮುಗಿಯುವ ಮೊದಲೇ ಮಾಸ್ಟರ್ಸ್ ಪಾಠಗಳನ್ನೂ ಶುರು ಮಾಡು ಎಂದು ಕರೆದಿದ್ದರು. ಹಾಗೆ ಮಾಡಿದರೆ ಓದಿನಲ್ಲಿ ಒಂದು ವರ್ಷ ಉಳಿತಾಯವಾಗುತ್ತಿತ್ತು. ಈ ಸಲ ಬಿಟ್ಟರೆ ಆ ಬಾಗಿಲು ಮತ್ತೆ ತೆರೆಯುವುದಿಲ್ಲ. ತೊಡಕು ಒಂದೇ: ಅವಳ ಅಣ್ಣನೂ ಅದೇ ಮಾಸ್ಟರ್ಸ್ ತರಗತಿಗೆ ಈ ವರ್ಷವೇ ಸೇರಿದ್ದ.

"ತಂಗಿ ಪಕ್ಕದಲ್ಲೇ ಬಂದು ಕೂತರೆ ಅವನು ಮುಖ ಎಲ್ಲಿಡ್ತಾನೆ?"

"ಈಗ ಎಲ್ಲಿದೆಯೋ ಅಲ್ಲೇ ಇಡಲಿ. ಯಾರು ಕಿತ್ಕೊಂಡ್ರು?"

"ಬಾಯಿಗೇನೂ ಕಮ್ಮಿ ಇಲ್ಲ. ಇಳಿಯೋರು ಮೊದಲು ಇಳೀಲಿ, ಆಮೇಲೆ ಹತ್ತೋರು. ಅವನು ಮುಗಿಸಲಿ, ಆಮೇಲೆ ನೀನು."

"ಊಟ ಆರ್ತಿದೆ" ಎಂದಳು ಅಮ್ಮ. ಮಾತು ಬಿಸಿಯಾದಾಗಲೆಲ್ಲ ಅವಳಿಗೆ ಊಟ ಆರುವ ಚಿಂತೆ.

ಅಣ್ಣ ತಲೆಯೆತ್ತಲಿಲ್ಲ. ಚೂಟಿಗೆ ಉರಿದದ್ದು ಅಪ್ಪನ ಮಾತಿಗಲ್ಲ, ಆ ಬಗ್ಗಿದ ತಲೆಗೆ. ಅವಳಿಗೆ ಗಣಿತದ ರುಚಿ ಹತ್ತಿಸಿದವನೇ ಅವನು.

ಮರುದಿನ ಅವಳು ಕಾಲೇಜಿನ ಆಫೀಸಿಗೆ ಹೋದಾಗ ಗುಮಾಸ್ತೆ ಹುಬ್ಬೇರಿಸಿದಳು. "ನಿನಗೆ ಬೇಡ್ವಂತಲ್ಲಮ್ಮ? ನಿಮ್ಮಪ್ಪ ಬೆಳಿಗ್ಗೆನೇ ಬಂದು ಹೇಳಿಹೋದ್ರು. ಪಾಪ, ಡ್ಯೂಟಿ ಮಧ್ಯೆ, ಚೀಲ ಹೆಗಲಲ್ಲೇ ಇತ್ತು."

"ಅಪ್ಪನಿಗೆ ಈ ಬಾಗಿಲು ಹೇಗೆ ಗೊತ್ತಾಯ್ತು?"

"ನಿಮ್ಮಣ್ಣ ಕರ್ಕೊಂಡು ಬಂದಿದ್ದನಲ್ಲ."

ಚೂಟಿಗೆ ಅಂಗಾಲಿನಿಂದ ನೆತ್ತಿಯವರೆಗೆ ಬೆಂಕಿ ಹತ್ತಿತು. "ಓದೋಳು ನಾನು. ನನ್ನೊಬ್ಬಳನ್ನ ಬಿಟ್ಟು ಎಲ್ಲರ ಮಾತೂ ಕೇಳ್ತೀರಾ?"

"ನನ್ನ ಮೇಲೆ ಯಾಕಮ್ಮ ರೇಗ್ತೀಯ? ಸಾಹೇಬ್ರು ಒಳಗಿದ್ದಾರೆ. ಈ ಬಿಸಿ ಆರೋದಕ್ಕೆ ಮುಂಚೆ ಹೋಗು."

ಒಳಗೆ ಅವಳು ಕೂರಲೂ ಇಲ್ಲ. "ನಾನು ಸೇರ್ತೀನಿ ಸರ್. ಬೇಡ ಅಂದಿದ್ದು ನನ್ನ ಬಾಯಲ್ಲ."

ವಿಭಾಗದ ಮುಖ್ಯಸ್ಥರು ಕನ್ನಡಕದ ಮೇಲಿಂದ ನೋಡಿದರು. "ಮನೇಲಿ ಗಲಾಟೆ ಆಗುತ್ತೇನೋ."

"ಆಗಲೇ ಆಗಿದೆ ಸರ್."

"ಸರಿ. ಸೋಮವಾರದಿಂದ ಬಾ."

ಹೊರಗೆ ಅಣ್ಣ ಗೋಡೆಗೆ ಒರಗಿ ನಿಂತಿದ್ದ. "ನೀನು ಬಂದರೆ ಎಲ್ಲರೂ ನನ್ನನ್ನ ನಿನ್ನ ಪಕ್ಕ ಇಟ್ಟು ತೂಗ್ತಾರೆ ಕಣೇ."

"ತೂಗಲಿ! ನಿನ್ನ ತೂಕ ಕಮ್ಮಿ ಬರುತ್ತೆ ಅಂತ ನನ್ನ ಕಾಲು ಕತ್ತರಿಸಬೇಕಾ? ಭಯ ಆಗುತ್ತೆ ಅಂತ ನನ್ನ ಹತ್ರ ಬಂದು ಹೇಳಿದ್ರೆ ಇಬ್ಬರೂ ಕೂತು ಯೋಚನೆ ಮಾಡ್ತಿದ್ವಿ. ಅಪ್ಪನ ಬೆನ್ನ ಹಿಂದೆ ಅವಿತ್ಕೊಂಡ್ಯಲ್ಲೋ!"

ಉತ್ತರಕ್ಕೆ ಅವಳು ಕಾಯಲಿಲ್ಲ.

ಸಂಜೆ ಬೇಕೆಂದೇ ಅಪ್ಪನ ಬಸ್ಸು ಹತ್ತಿದಳು. ಕಂಡಕ್ಟರನ ಮಕ್ಕಳಿಗೆ ಪಾಸಿತ್ತು. ಆದರೂ ಅಪ್ಪ ಹತ್ತಿರ ಬಂದಾಗ ಚಿಲ್ಲರೆ ಚಾಚಿದಳು.

"ಒಂದು ಫುಲ್ ಟಿಕೆಟ್ ಕೊಡಿ, ಕಂಡಕ್ಟ್ರೇ."

ಅಪ್ಪನ ಕೈ ಚೀಲದಲ್ಲೇ ನಿಂತಿತು. "ಎಲ್ಲಿಗೆ?"

"ಕೊನೇ ಸ್ಟಾಪಿಗೆ. ಇಳಿಯೋರು ಯಾವಾಗ ಬೇಕಾದ್ರೂ ಇಳೀಲಿ. ನಾನು ಹತ್ತಾಯ್ತು."

ಅಪ್ಪನಿಗೆ ಅರ್ಥವಾಯಿತು. ಹಿಂದಿನಿಂದ ಯಾರೋ "ಚಿಲ್ಲರೆ ಕೊಡ್ರೀ" ಎಂದು ಕೂಗುತ್ತಿದ್ದರು. ಅಪ್ಪ ಟಿಕೆಟ್ ಹರಿದು ಅವಳ ಕೈಗಿಟ್ಟು, ದನಿ ತಗ್ಗಿಸಿ ಕೇಳಿದ: "ಮನೆ ಹತ್ರ ಇಳಿಯಲ್ವೇನೇ?"

"ಇಳೀತೀನಿ. ಅಮ್ಮನ ಊಟ ಆರುತ್ತಲ್ಲ. ಆದರೆ ನಿಮ್ಮಿಬ್ಬರ ಹತ್ರ ಮಾತಿಲ್ಲ."