ಚಿಕ್ಕ ಬಾಗಿಲು

ನರಸಾಪುರದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಜನ ತೆಗೆದುಕೊಳ್ಳುತ್ತಾರೆಂದು ಕೇಳಿ ಅರ್ಪಿತ ಮತ್ತು ಅವಳ ಗಂಡ ಮುನಿಕೃಷ್ಣ ತಾಯಲೂರಿನಿಂದ ಬೆಳಗಿನ ಬಸ್ಸಿಗೇ ಬಂದಿದ್ದರು. ಅರ್ಪಿತ ಗೇಟಿನ ಹತ್ತಿರ ಹೋಗಿ ನಿಂತಳು. ಮುನಿಕೃಷ್ಣ ಅಂಕಪಟ್ಟಿಗಳ ಜೆರಾಕ್ಸ್ ಮಾಡಿಸಿಕೊಂಡು ಬರುವಷ್ಟರಲ್ಲಿ ನಡುವೆ ಜನ ತುಂಬಿಹೋಗಿ, ಅವನು ರಸ್ತೆಯಂಚಿನಲ್ಲೇ ಉಳಿದ.

ಒಂದು ಕಡೆ ಕಾಂಪೌಂಡು, ಇನ್ನೊಂದು ಕಡೆ ತಗಡಿನ ಬೇಲಿ. ದೊಡ್ಡ ಗೇಟು ತೆರೆಯಲಿಲ್ಲ. ಒಬ್ಬೊಬ್ಬರೇ ನುಸುಳುವಂಥ ಚಿಕ್ಕ ಬಾಗಿಲು ಮಾತ್ರ ತೆರೆದು ಸಂದರ್ಶನದ ಟೋಕನ್ ಕೊಡತೊಡಗಿದರು. ಅಷ್ಟರಲ್ಲಿ ಹಿಂದೆ ಯಾರೋ, "ಟೋಕನ್ ಮುಗೀತಾ ಐತಂತೆ" ಅಂದರು.

ಯಾರೂ ಓಡಲಿಲ್ಲ. ಓಡಲು ಜಾಗವೇ ಇರಲಿಲ್ಲ. ಆದರೂ ಇಡೀ ಗುಂಪು ಮುಂದಕ್ಕೆ ವಾಲಿತು, ಗೋಡೆಗೆ ಬಡಿದಂತೆ ಹಿಂದಕ್ಕೆ ತೂಗಿತು. ಇನ್ನೊಮ್ಮೆ ವಾಲಿದಾಗ ಅರ್ಪಿತಳ ಕಾಲುಗಳು ನೆಲ ಬಿಟ್ಟವು. ಎತ್ತ ಸಾಗಬೇಕು ಎಂಬುದು ಅವಳ ಕೈಲಿರಲಿಲ್ಲ. ಉಸಿರು ಬಿಟ್ಟಾಗ ಎದೆ ಕುಗ್ಗಿದ ಜಾಗಕ್ಕೆ ಯಾರದೋ ಮೊಣಕೈ ಬಂದು ಕೂತಿತು. ಮತ್ತೆ ಎಳೆದುಕೊಳ್ಳೋಣವೆಂದರೆ ಎದೆ ಹಿಗ್ಗಲಿಲ್ಲ. ಕೂಗೋಣವೆಂದರೆ ಅದಕ್ಕೂ ಉಸಿರಿಲ್ಲ. ಸುತ್ತ ಅಷ್ಟು ಜನವಿದ್ದರೂ ಎಲ್ಲರೂ ಮೌನವಾಗಿದ್ದರು. ಅದೇ ಅವಳಿಗೆ ಹೆಚ್ಚು ಭಯ ಹುಟ್ಟಿಸಿತು.

ಪಕ್ಕದಲ್ಲಿ ಬಸ್ಸಿನಲ್ಲಿ ಪರಿಚಯವಾಗಿದ್ದ ಮುಳಬಾಗಿಲಿನ ಹುಡುಗಿ ವಾಣಿಶ್ರೀ ಇದ್ದಳು. "ಅಕ್ಕಾ, ಕಣ್ಣು ಕತ್ಲೆ ಬರ್ತೈತೆ" ಅಂದವಳೇ ಅರ್ಪಿತಳ ಭುಜಕ್ಕೆ ತಲೆ ವಾಲಿಸಿದಳು. ಪ್ರಜ್ಞೆ ತಪ್ಪಿತ್ತು. ಆದರೂ ಬೀಳಲಿಲ್ಲ, ಬೀಳುವಷ್ಟು ಜಾಗವಿಲ್ಲದೆ ನಿಂತೇ ಇದ್ದಳು. ನಾನೂ ಹೀಗೇ ನಿಂತಲ್ಲೇ ಸತ್ತರೆ ಯಾರಿಗೂ ತಿಳಿಯುವುದಿಲ್ಲ ಎಂದು ಅರ್ಪಿತಳಿಗೆ ಅನಿಸಿತು. ಹೇಗೋ ಒಂದು ಕೈಯನ್ನು ಮೇಲೆಳೆದು ಎದೆಗೆ ಅಡ್ಡ ಹಿಡಿದಳು. ಇನ್ನೊಂದರಿಂದ ವಾಣಿಶ್ರೀಯ ದುಪಟ್ಟಾ ಬಿಗಿಹಿಡಿದಳು.

ಜನರ ಒತ್ತಡಕ್ಕೆ ತಗಡಿನ ಬೇಲಿ ಕಿತ್ತುಕೊಂಡು ಬಿತ್ತು. ಜನ ಪಕ್ಕದ ನೀಲಗಿರಿ ತೋಪಿಗೆ ಉರುಳಿದರು. ಮೊದಲ ಉಸಿರು ಎಳೆದಾಗ ಅರ್ಪಿತಳ ಪಕ್ಕೆ ಚುಚ್ಚಿ ನೋಯಿತು. ಮುಖಕ್ಕೆ ನೀರು ಚಿಮುಕಿಸಿದ ಮೇಲೆ ವಾಣಿಶ್ರೀ ಕಣ್ಣು ಬಿಟ್ಟಳು. ಅವಳನ್ನು ಆಂಬುಲೆನ್ಸಿನಲ್ಲಿ ಕೋಲಾರಕ್ಕೆ ಕರೆದೊಯ್ದರು.

ಮುನಿಕೃಷ್ಣ ಹುಡುಕಿಕೊಂಡು ಬಂದ. ಹೆಂಡತಿಯನ್ನು ಕಂಡು ಅವಳ ಪಕ್ಕದಲ್ಲಿ ಕುಕ್ಕರಿಸಿದ.

"ನೀವೆಲ್ಲಿದ್ರಿ?" ಅಂದಳು.

"ಹಿಂದೆ."

"ನೀವೂ ತಳ್ಳಿದ್ರಾ?"

"ಹಿಂದಿನೋರು ತಳ್ಳಿದ್ರು, ನಾನೂ ತಳ್ದೆ. ಮುಂದೆ ಏನಾಗ್ತಾ ಐತೆ ಅಂತ ಅಲ್ಲಿಗೆ ಕಾಣಿಸ್ಲಿಲ್ಲ ಕಣೇ. ನೀನು ಒಳಗೋಗಿರ್ತೀಯ ಅಂದ್ಕೊಂಡೆ."

ಅವಳಿಗೆ ಸಿಟ್ಟು ಬರಲಿಲ್ಲ. ಆದರೆ ಆಟೋ ಹತ್ತಿಸಲೆಂದು ಅವನು ಬೆನ್ನ ಮೇಲೆ ಕೈ ಇಟ್ಟಾಗ ಥಟ್ಟನೆ ಪಕ್ಕಕ್ಕೆ ಸರಿದಳು.

"ನೀವು ಮೊದ್ಲು ಹತ್ತಿ," ಅಂದಳು. "ನಾನು ಹಿಂದೆ ಬರ್ತೀನಿ."