ಗವರ್ನರ್ ಸೊಂಟದ ಬೀಗದಕೈ

“ಬೆನ್ನು ಬಗ್ಸಲಾ, ಬೋಳಿಮಗನೆ! ಆಫ್ರಿಕಾದ ಕೂಲಿಯೋನು ಹಿಂಗೆ ಸೆಟೆದ್ಕಂಡು ನಿಂತ್ಕತ್ತಾನಾ?”

ಬಾರುಕೋಲು ಕುಳ್ಳಯ್ಯನ ಬೆನ್ನಿಗೆ ಬಿತ್ತು. ನಾಟಕದ ತಾಲೀಮಾದರೂ ಅಭಿನಯದ ಏಟಲ್ಲ. ಅಂಗಿಯ ಕೆಳಗೆ ಚರ್ಮ ಬಾತು ಗೆರೆ ಎದ್ದಿತು.

“ನೆಲಕ್ಕೆ ಹೊಡೆದ್ರೆ ಸಾಕು ಗೌಡ್ರೆ, ಸದ್ದು ಬಂದ್ರಾಯ್ತು” ಎಂದರು ನಾಟಕ ಬರೆದ ಮಹದೇವಯ್ಯ ಮೇಷ್ಟ್ರು.

“ಸುಮ್ಕಿರಿ ಮೇಷ್ಟ್ರೆ. ಏಟು ತಿನ್ದೆ ಇವ್ನಿಗೆ ಆಕ್ಟಿಂಗ್ ಬರಾದು ಹೆಂಗೆ? ಕರೀ ಬಣ್ಣ ಬಳಿಯೋ ಖರ್ಚು ದ್ಯಾವ್ರೇ ಉಳ್ಸವ್ನೆ, ಏಟೂ ಅಸಲೀನೇ ಇರ್ಲಿ ಬುಡಿ.” ಕಂಠಪ್ಪನ ಮಾತಿಗೆ ಶಾಲೆಯ ಜಗಲಿಯ ಮೇಲಿದ್ದವರು ನಕ್ಕರು.

ಅದು ಸ್ವಾತಂತ್ರ್ಯದ ಐವತ್ತನೇ ವರ್ಷ. ಬೆಟ್ಟದಪುರದ ಪಕ್ಕದ ಆ ಊರಿನಲ್ಲಿ ಆಗಸ್ಟ್ ಹದಿನೈದಕ್ಕೆ ಯಾವ ನಾಯಕನ ನಾಟಕ ಆಡುವುದು ಎಂಬಲ್ಲಿಗೆ ಮಾತು ಮುರಿದಿತ್ತು. ಅಂಬೇಡ್ಕರ್ ಎಂದರೆ ಊರಿನವರು ಎದ್ದು ಹೋಗುತ್ತಿದ್ದರು, ಗಾಂಧಿ ಎಂದರೆ ಕೇರಿಯ ಹುಡುಗರು. ಮೇಷ್ಟ್ರು ಕತೆ ಹುಡುಕಿಕೊಂಡು ಆಫ್ರಿಕಾಕ್ಕೆ ಹೋದರು. ಅಲ್ಲಿನ ಹಲವು ನಾಯಕರ ಬದುಕು ಬೆರೆಸಿ ಮೋಸಿ ಎಂಬೊಬ್ಬನನ್ನು ಕಟ್ಟಿದರು. ಬಿಳಿಯರ ಹೊಗೆಸೊಪ್ಪಿನ ತೋಟದಲ್ಲಿ ಹುಟ್ಟಿ, ಮಿಷನ್ ಶಾಲೆಯಲ್ಲಿ ಓದಿ, ಕೂಲಿಗಳ ಸಂಘ ಕಟ್ಟಿದ್ದಕ್ಕೆ ಬಾರುಕೋಲಿನ ಏಟು ತಿಂದು, ಜೈಲಿನೊಳಗಿಂದಲೇ ಚುನಾವಣೆ ಗೆದ್ದು ಪ್ರಧಾನಿಯಾದವನು. ಕೊನೆಗೆ ತನ್ನದೇ ಸೈನಿಕರಿಂದ ಕುರ್ಚಿ ಕಳೆದುಕೊಂಡು ಪರದೇಶದಲ್ಲಿ ಸತ್ತವನು. ಅವನ ಜಾತಿ ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ ಒಪ್ಪಿದರು.

ಶಾಮಿಯಾನ ಹಾಕಿಸಿದವನಿಗೆ ಇಷ್ಟಬಂದ ಪಾತ್ರ ಎಂಬುದು ಊರಿನ ಪದ್ಧತಿ. ಪ್ರತಿ ನಾಟಕದಲ್ಲೂ ರಾಜನಾಗುತ್ತಿದ್ದ ಕಂಠಪ್ಪ ಈ ಸಲ ಬಿಳಿಯರ ಗವರ್ನರ್ ಆದ. ಬೈಲಕುಪ್ಪೆಯಿಂದ ಕೆಂಪು ಕೋಟು ತಂದ. ಸೈನಿಕರ ಪಾತ್ರ ಅವನ ಅಣ್ಣನ ಮಕ್ಕಳಿಬ್ಬರಿಗೆ ಹೋಯಿತು. ಏಟು ತಿನ್ನುವ ಮೋಸಿಯ ಪಾತ್ರ ಕೇರಿಗೆ, ಕುಳ್ಳಯ್ಯನಿಗೆ ಬಂತು.

ಕಂಠಪ್ಪನ ಉಡಿದಾರದಲ್ಲಿ ಸದಾ ಒಂದು ಬೀಗದಕೈ ನೇತಾಡುತ್ತಿತ್ತು. ಅದು ಕೇರಿಗೆಂದು ಸರ್ಕಾರ ಕೊರೆಸಿದ ಬೋರ್‌ವೆಲ್‌ನ ಮೋಟಾರು ಮನೆಯದು. ಹೊಗೆಸೊಪ್ಪು ಬೇಯಿಸುವ ತಿಂಗಳುಗಳಲ್ಲಿ ಕೇರಿಯವರೆಲ್ಲ ಸೊಪ್ಪು ಹದ ಮಾಡುವ ಅವನ ಬ್ಯಾರನ್ನಿಗೆ, ಅವನು ಹೇಳಿದ ಕೂಲಿಗೆ ಬಂದರೆ ಬೀಗ ತೆರೆಯುತ್ತಿತ್ತು. ಒಂದು ಮನೆ ತಪ್ಪಿಸಿದರೆ ಇಡೀ ಕೇರಿಗೆ ನೀರಿಲ್ಲ.

ಜುಲೈಯಲ್ಲಿ ತಪ್ಪಿಸಿದ್ದು ಕುಳ್ಳಯ್ಯನ ಹೆಂಡತಿ ಭದ್ರಮ್ಮ. ಮಗಳು ಚಿನ್ನುಗೆ ಜ್ವರವಿತ್ತು. ಮೋಟಾರು ನಿಂತಿತು, ಕೇರಿಯವರು ಕಟ್ಟೆಯ ಕೆಂಪು ನೀರು ಕುಡಿದರು. ಮಗುವಿಗೆ ವಾಂತಿಭೇದಿ ಹತ್ತಿ, ಪಿರಿಯಾಪಟ್ಟಣದ ಬಸ್ಸು ಬರುವ ಮೊದಲೇ ತಾಯಿಯ ತೊಡೆಯ ಮೇಲೆ ತಣ್ಣಗಾಯಿತು. ಮಣ್ಣು ಮಾಡಿ ಬಂದವರು ಕೈಕಾಲು ತೊಳೆದದ್ದೂ ಕಟ್ಟೆಯ ನೀರಿನಲ್ಲೇ.

“ಮಕ್ಳು ಇನ್ನೂ ಆಯ್ತವೆ ಬುಡಮ್ಮಿ” ಎಂದಿದ್ದ ಕಂಠಪ್ಪ. “ನಾಳಿಂದ ಸೊಪ್ಪು ಪೋಣ್ಸಕ್ಕೆ ಬಾ.”

ನಾಲ್ಕನೇ ದೃಶ್ಯದಲ್ಲಿ ಗವರ್ನರ್ ಟೋಪಿ ತೆಗೆದು ಅರಮನೆಯ ಬೀಗದಕೈಯನ್ನು ಮೋಸಿಯ ಕೈಗೆ ಒಪ್ಪಿಸಬೇಕು. ಮೇಷ್ಟ್ರು ರಟ್ಟಿನಲ್ಲಿ ಒಂದನ್ನು ಕತ್ತರಿಸಿದ್ದರು.

“ಇವ್ನ ಕೈ ನಾನ್ ಮುಟ್ಟಾದಾ? ನೆಲದ್ ಮ್ಯಾಲೆ ಎಸೀತೀನಿ, ಎತ್ಕಳ್ಲಿ.”

“ಹೊಡೆಯೋವಾಗ ಮೈಲಿಗೆ ಆಗ್ನಿಲ್ವಾ ಗೌಡ್ರೆ?” ಕುಳ್ಳಯ್ಯ ಕೇಳಿದ.

“ಬಾರುಕೋಲ್ಗೆ ಮೈಲಿಗೆ ಇಲ್ಲ ಕಣ್ಲಾ.”

ಮನೆಯಲ್ಲಿ ಬೆನ್ನಿಗೆ ಹರಳೆಣ್ಣೆ ಸವರುತ್ತ ಭದ್ರಮ್ಮ ಬೈದಳು. “ನಾಟ್ಕ ಅಂತೆ ನಾಟ್ಕ! ಮಗೀನ್ ತಿಂದೋನ ಕೈಲಿ ಏಟೂ ತಿಂದ್ಕಂಡ್ ಬಂದವ್ನೆ. ಬುಟ್ಬುಡು ಅತ್ಲಾಗೆ.”

“ನಾಕ್ನೇ ಸೀನ್ ಗಂಟ ತಿಂತೀನಿ” ಎಂದ ಕುಳ್ಳಯ್ಯ. “ಅವತ್ತು ಹೆಂಗುಸ್ರೆಲ್ಲ ಬಿಂದ್ಗೆ ತಕಂಡ್ ಬಂದು ಮುಂದ್ಗಡೆ ಕುಂತ್ಕಳಿ.”

ಹದಿನೈದರ ಬೆಳಗ್ಗೆ ಬಾವುಟ ಹಾರಿತು. ತಾಲ್ಲೂಕಿನಿಂದ ಬಂದ ಸಾಹೇಬರು ಕುರ್ಚಿಯಲ್ಲಿ ಕೂತು ಬೂಂದಿ ತಿನ್ನುತ್ತಿದ್ದರು. ಕೇರಿಯ ಹೆಂಗಸರು ಬಿಂದಿಗೆಗಳನ್ನು ಮಗ್ಗುಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತರು. ಮೂರನೇ ದೃಶ್ಯದ ಏಟುಗಳಿಗೆ ಚಪ್ಪಾಳೆ ಬಿತ್ತು. ಹಳೆಯ ಗೆರೆಗಳು ಒಡೆದು ಅಂಗಿ ಬೆನ್ನಿಗಂಟಿತು. ಮೋಸಿ ಜೈಲಿಗೆ ಹೋದ, ಗೆದ್ದ, ಹೊರಗೆ ಬಂದ.

ಕಂಠಪ್ಪ ರಟ್ಟಿನ ಬೀಗದಕೈಯನ್ನು ನೆಲಕ್ಕೆ ಎಸೆದ. ಕುಳ್ಳಯ್ಯ ಬಗ್ಗಲಿಲ್ಲ. ಅದನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿ ಮೈಕಿನ ಹತ್ತಿರ ಬಂದ.

“ಇದಲ್ಲ ಗವರ್ನರೇ. ಸೊಂಟದಲ್ಲಿರಾದ್ ಕೊಡಿ.”

ಸಾಹೇಬರು ಇದೂ ನಾಟಕವೆಂದುಕೊಂಡರು. “ಭೇಷ್! ಕೊಡ್ರಿ ಗವರ್ನರೇ, ಕೊಡ್ರಿ!”

ಕಂಠಪ್ಪನ ಮುಖದ ಬಿಳಿ ಪೌಡರಿನ ಮೇಲೆ ಬೆವರು ಗೀರಿತು. “ನಾಟ್ಕ ಆಡ್ಲಾ, ಸೂಳೆಮಗನೆ” ಎಂದು ಪಿಸುಗುಟ್ಟಿದ್ದನ್ನು ಮೈಕು ಊರಿಗೆಲ್ಲ ಕೇಳಿಸಿತು.

“ಆಡ್ತಾನೇ ಇವ್ನಿ.”

ಕುಳ್ಳಯ್ಯ ಎಡಗೈಯಲ್ಲಿ ಅವನ ಮಣಿಕಟ್ಟು ಹಿಡಿದ. ಹೊಗೆಸೊಪ್ಪಿನ ಅಂಟು ಕಪ್ಪಾಗಿ ಕೂತ ಕೂಲಿಯ ಕೈ. ಬಲಗೈಯನ್ನು ಕೋಟಿನ ಅಡಿಗೆ ತೂರಿಸಿ ಎಳೆದ. ಉಡಿದಾರ ಕಿತ್ತು ಬಂತು. ಬೀಗದಕೈ ಹಾರಿ ಭದ್ರಮ್ಮನ ಮಡಿಲಿಗೆ ಬಿತ್ತು. ಬಿಂದಿಗೆಗಳೆಲ್ಲ ಒಟ್ಟಿಗೆ ಎದ್ದು ಕೇರಿಯ ಕಡೆ ನಡೆದವು.

ಸಾಹೇಬರ ಕೈಯ ಬೂಂದಿ ಬಾಯಿಗೆ ಹೋಗದೆ ನಿಂತಿತು. ಕಂಠಪ್ಪ ಕೊಸರಿದ. ಕುಳ್ಳಯ್ಯ ಬಿಡಲಿಲ್ಲ. ಟೋಪಿ ತಾನಾಗಿಯೇ ಕೆಳಗೆ ಬಿತ್ತು. ಸ್ವಲ್ಪ ಹೊತ್ತಿಗೆ ಕೇರಿಯ ಕಡೆಯಿಂದ ಮೋಟಾರಿನ ಸದ್ದು ಬಂತು.

ಪರದೆಯ ಪಕ್ಕದಲ್ಲಿ ಕೊನೆಯ ದೃಶ್ಯದ ಸೈನಿಕರಿಬ್ಬರೂ ಮರದ ಕೋವಿಗಳನ್ನು ಕೆಳಗೆ ಹಾಕಿ ಅಸಲಿ ಏಟಿಗೆಂದು ಶಾಮಿಯಾನದ ಗಳ ಕೀಳುತ್ತಿದ್ದರು. ಕುಳ್ಳಯ್ಯ ಅವರನ್ನು ನೋಡಿದ. ಹಿಡಿದ ಮಣಿಕಟ್ಟು ಬಿಡದೆ, ಬಾಗಿ ಅಲ್ಲೇ ಬಿದ್ದಿದ್ದ ಬಾರುಕೋಲು ಎತ್ತಿಕೊಂಡ.

“ಮೂರ್ನೇ ಸೀನು ಇನ್ನೊಂದ್ ದಪ ಆಡಾನ ಗೌಡ್ರೆ. ಬೆನ್ನು ಬಗ್ಸಿ.”